ಒಂದು ಸೈ ಹಾಕಿ ಹೋಗ್ರಿ

ನಸುಕಿನಲ್ಲಿ ಪೊಲೀಸ್ ಪೇದೆಯೊಬ್ಬರ ಹಿಂದೆ ಹೊಸಪೇಟೆಯ ಓಣಿ ತಿರುಗುವುದನ್ನು ನಮ್ಮ ಎದುರುಮನೆಯವರು ಕಂಡರೆ ಏನಂದುಕೊಂಡಾರು? ಅವರ ಬಗ್ಗೆ ಪತ್ರಿಕೆಗೆ ಬರೆಯಲು ಹೊರಟಾಗ ನನಗಿದ್ದದ್ದು ಇದೊಂದೇ ಚಿಂತೆ. ಡೈರಿಯಲ್ಲೂ ಹಾಗೇ ಬರೆದುಕೊಂಡಿದ್ದೇನೆ, ನಾಚಿಕೊಂಡೇ.

ಪೇದೆ ಗವಿಸಿದ್ದಪ್ಪನವರಿಗೆ ಅಂಥ ಚಿಂತೆಗೆಲ್ಲ ಪುರುಸೊತ್ತಿಲ್ಲ. ಐದೂಕಾಲಿಗೆ ಅವರ ಸೈಕಲ್ಲು ಲಾರಿ ಸ್ಟ್ಯಾಂಡಿನ ಪಕ್ಕ, ಕೊಟ್ರಯ್ಯನವರ ಹೋಟೆಲ್ಲಿನ ಮುಂದೆ ನಿಂತಿದೆ. ಬಗಲಿನ ಖಾಕಿ ಚೀಲದಲ್ಲಿ ಸಾಕ್ಷಿಗಳಿಗೆ ಕೋರ್ಟು ಕಳಿಸಿದ ಸಮನ್ಸುಗಳು. ಒಳಗೆ ಒಲೆ ಹೊತ್ತಿದೆ. ಕೊಟ್ರಯ್ಯನವರು ಒಗ್ಗರಣೆಗೆ ಮಂಡಕ್ಕಿ ತೊಯಿಸುತ್ತಿದ್ದಾರೆ.

“ಬರ್ರಿ ಬರ್ರಿ, ಬೆಳಗಾಗೂದ್ರಾಗ ಶನಿದೇವ್ರು ಬಂದ್ರು.”

“ಶನಿ ಏಳೂವರಿ ವರ್ಷಕ್ಕರ ಬಿಡತಾನ್ರಿ ಸ್ವಾಮ್ಯಾರ, ಕೋರ್ಟು ಬಿಡಲ್ಲ. ನಾಳೆ ಹನ್ನೊಂದಕ್ಕ ಬರಬೇಕು ನೋಡ್ರಿ.”

ಕೊಟ್ರಯ್ಯನವರ ನಗು ಅಲ್ಲಿಗೇ ನಿಲ್ಲುತ್ತದೆ. ಒದ್ದೆ ಕೈಯನ್ನು ಪಂಚೆಗೆ ಒರೆಸಿ, ಸಮನ್ಸು ಮುಟ್ಟಿದ್ದಕ್ಕೆ ಸೈ ಹಾಕುತ್ತಾರೆ. ಚಾ ಕೊಟ್ಟು ಮತ್ತೆ ಮಂಡಕ್ಕಿಯ ಕಡೆ ತಿರುಗುತ್ತಾರೆ.

ಎರಡು ವರ್ಷದ ಹಿಂದೆ ಇದೇ ಸ್ಟ್ಯಾಂಡಿನಲ್ಲಿ, ಸಂಡೂರಿನ ಅದಿರು ತುಂಬುವ ಪಾಳಿಗಾಗಿ ಲಾರಿಯವರ ನಡುವೆ ಜಗಳವಾಗಿ, ಭರಮಣ್ಣ ಎಂಬ ಡ್ರೈವರಿಗೆ ಹಿಂದಿನಿಂದ ನಾಡಪಿಸ್ತೂಲಿನ ಗುಂಡು ಬಿತ್ತು. ಬಲಗಾಲು ಮೊಣಕಾಲಿನವರೆಗೆ ಹೋಯಿತು. ಆರೋಪಿ ಇದೇ ಓಣಿಯ ಹುಡುಗ. ಗುಂಡು ಹಾರಿದ್ದನ್ನು ಕಂಡವರು ಒಬ್ಬರಾದ ಮೇಲೊಬ್ಬರು ಕೋರ್ಟಿನಲ್ಲಿ ‘ಕಂಡಿಲ್ಲ’ ಎಂದಿದ್ದಾರೆ. ಉಳಿದವರು ಕೊಟ್ರಯ್ಯ ಒಬ್ಬರೇ. ಆ ಹುಡುಗನ ಲಾರಿ ಸೀಟಿನ ಕೆಳಗಿಂದ ಪೊಲೀಸರು ಪಿಸ್ತೂಲು ಎಳೆದಾಗ ಪಂಚರಾಗಿ, ಅಂದರೆ ಜಪ್ತಿಯ ಸಾಕ್ಷಿಯಾಗಿ, ನಿಂತು ನೋಡಿದವರು, ಪಂಚನಾಮೆಗೆ ಸೈ ಹಾಕಿದವರು.

ಪಾಪಿನಾಯಕನಹಳ್ಳಿಯ ಗವಿಸಿದ್ದಪ್ಪ ಅರವತ್ತೆರಡನೇ ಇಸವಿಯಲ್ಲಿ ಪೇದೆಯಾದರು. ಮೂವತ್ತು ವರ್ಷವಾಯಿತು, ಇನ್ನೂ ಪೇದೆಯೇ. “ಆಗ ಹೊಡದಾಟ ಅಂದ್ರ ಕಾಲುವಿ ನೀರಿಗೆ. ಸಲಿಕಿ ಕಾವು ಹಿಡದು ಹೊಡಿತಿದ್ರು, ತೆಲಿಗೆ ನಾಕು ಹೊಲಿಗಿ ಬೀಳ್ತಿದ್ವು. ಬತ್ತ ಆತು, ಕಬ್ಬು ಆತು, ಲಾರಿ ಬಂದ್ವು. ಈಗ ಸೊಂಟಕ್ಕ ಪಿಸ್ತೂಲ್ ಇಲ್ಲಂದ್ರ ಗಂಡಸಾ ಅಲ್ಲ.” ದಿನಕ್ಕೆ ಹತ್ತು ಹನ್ನೆರಡು ಸಮನ್ಸು. ಗಾದಿಗನೂರಿಗೆ ಸೈಕಲ್ಲು, ಮರಿಯಮ್ಮನಹಳ್ಳಿಗೆ ಸಿಕ್ಕ ಲಾರಿ. ಸೂರ್ಯ ಏರಿದರೆ ಸಾಕ್ಷಿಗಳು ಸಿಗುವುದಿಲ್ಲ. ಮನೆಯಲ್ಲೇ ಇದ್ದು ‘ಊರಾಗಿಲ್ಲ’ ಅನ್ನಿಸುವವರೇ ಹೆಚ್ಚು.

ಭರಮಣ್ಣನ ಕಾಲು ಹೋದ ಮೇಲೆ ಮೇಲಿನವರ ಹುಕುಂ ಬಿಗಿಯಾಯಿತು. ಪಿಸ್ತೂಲಿನ ಕೇಸಿನಲ್ಲಿ ರಾಜಿ ಇಲ್ಲ, ಜಾಮೀನು ಸುಲಭವಿಲ್ಲ, ಸರ್ಕಾರಿ ವಕೀಲರು ದೊಡ್ಡ ಶಿಕ್ಷೆಯನ್ನೇ ಕೇಳಬೇಕು. ಊರು ಸಮಾಧಾನಪಟ್ಟಿತು. ನಾನೂ ಪಟ್ಟೆ. ಅಂದಿನಿಂದ ಹದಿನಾಲ್ಕು ಕೇಸು ವಿಚಾರಣೆಗೆ ಬಂದಿವೆ. ಶಿಕ್ಷೆಯಾದದ್ದು ಒಂದರಲ್ಲಿ.

ಯಾಕೆಂದು ಕೇಳಿದರೆ ಗವಿಸಿದ್ದಪ್ಪ ಸೈಕಲ್ಲಿನ ಗಂಟೆಯನ್ನು ಹೆಬ್ಬೆರಳಿನಿಂದ ಉಜ್ಜತೊಡಗುತ್ತಾರೆ.

“ಪಂಚರನ್ನ ಕರಿಯಾಕ ನಾವು ಪೊಲೀಸ್ರು ಎಲ್ಲಾರೂ ಒಂದ ಮಾತು ಹೇಳ್ತಿದ್ವಿ ಯವ್ವಾ. ‘ಒಂದು ಸೈ ಹಾಕಿ ಹೋಗ್ರಿ, ಮತ್ತ ಯಾರೂ ನಿಮ್ಮನ್ನ ಕರಿಯಲ್ಲ.’ ಕೊಟ್ರಯ್ಯನೋರಿಗೆ ಹಂಗ ಹೇಳಿದಾಂವ ನಾನ.”

ಆ ಕಾಲಕ್ಕೆ ಅದು ಪೂರಾ ಸುಳ್ಳೂ ಆಗಿರಲಿಲ್ಲ. ತಪ್ಪೊಪ್ಪಿ, ದಂಡ ಕಟ್ಟಿ, ರಾಜಿಯಾಗಿ ಮುಗಿದ ಕೇಸುಗಳೇ ಹೆಚ್ಚು. ಈಗ ಪ್ರತಿ ಸೈಯೂ ಕಟಕಟೆ ಹತ್ತಬೇಕಾಗಿದೆ. ಹತ್ತುವವರಿಗೆ ಇದನ್ನು ಯಾರೂ ಮೊದಲೇ ಹೇಳಿಲ್ಲ.

ಮರುದಿನ ಹನ್ನೊಂದೂವರೆಗೆ ಕೊಟ್ರಯ್ಯನವರು ಕಟಕಟೆಯಲ್ಲಿ ನಿಂತಿದ್ದಾರೆ. “ಸೈ ನಂದ ಐತ್ರಿ. ಪಿಸ್ತೂಲ್ ನಾ ನೋಡಿಲ್ರಿ.” ಎರಡು ನಿಮಿಷದ ಮಾತು. ಗೋಡೆಗೆ ಬೆನ್ನು ಹಚ್ಚಿ ನಿಂತ ಗವಿಸಿದ್ದಪ್ಪ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಹೊರಗೆ ಬೇವಿನ ಮರದ ಕೆಳಗೆ ಕೊಟ್ರಯ್ಯನವರೇ ಬಂದು ಅವರ ಮುಂದೆ ನಿಲ್ಲುತ್ತಾರೆ. “ಆರು ತಿಂಗಳು, ವರ್ಷ ಜೈಲು ಆಗಿದ್ರ ಹೇಳ್ತಿದ್ದೆ ಗವಿಸಿದ್ದಪ್ಪ. ಆ ಹುಡುಗಗ ಏಳು ವರ್ಷ ಅಂತಾರ. ಅವರವ್ವ ದಿನಾ ನನ್ನ ಅಂಗಳದ ನಳಕ್ಕ ಕೊಡ ತರ್ತಾಳ. ಅವನ ಗೆಳ್ಯಾರು ದಿನಾ ನನ್ನ ಬೆಂಚಿನ ಮ್ಯಾಲ ಕುಂದಿರ್ತಾರ. ಏನೂ ಅನ್ನಲ್ಲ, ಸುಮ್ನ ಚಾ ಕುಡದು ಹೊಕ್ಕಾರ.”

ಊರುಗೋಲು ಹಿಡಿದು ಕಟ್ಟೆಯ ಮೇಲೆ ಕೂತ ಭರಮಣ್ಣ ಎಲ್ಲವನ್ನೂ ಕೇಳಿಸಿಕೊಂಡಿದ್ದಾರೆ. “ಸ್ವಾಮ್ಯಾರ, ನನ್ನ ಕಾಲು ಹೋಗಿದ್ದರ ಖರೇನೋ ಸುಳ್ಳೋ? ಅದಕ್ಕೂ ಪಂಚರನ್ನ ಕರಸಬೇಕೇನು?”

ಕೊಟ್ರಯ್ಯನವರು ತಲೆ ತಗ್ಗಿಸಿಕೊಂಡು ಗೇಟು ದಾಟುತ್ತಾರೆ. ಸಂಜೆಯ ಹೊತ್ತಿಗೆ ಹುಡುಗ ಬಿಡುಗಡೆಯಾಗಿ ಮನೆಗೆ ಹೋಗುತ್ತಾನೆ. ಸ್ಟ್ಯಾಂಡಿನಲ್ಲಿ ಪಟಾಕಿ ಹಾರುತ್ತದೆ.

ಇನ್ನೂ ಕೋರ್ಟಿನ ಬೇವಿನ ಕೆಳಗೇ ನಿಂತ ಗವಿಸಿದ್ದಪ್ಪನವರ ಚೀಲದಲ್ಲಿ ನಾಳಿನ ಒಂಬತ್ತು ಸಮನ್ಸುಗಳಿವೆ. ನಿವೃತ್ತಿಗೆ ಎರಡು ವರ್ಷ. ಆಸೆ ಏನೆಂದು ಕೇಳುತ್ತೇನೆ.

“ಆರು ತಿಂಗಳಿಂದ ಪಂಚರಿಗೆ ಖರೇ ಹೇಳಾಕತ್ತೀನಿ, ಕೋರ್ಟಿಗೆ ಕರೀತಾರ್ರಿ, ಬರಬೇಕಾಗತೈತಿ ಅಂತ. ಒಬ್ಬಾಂವೂ ಸೈ ಹಾಕಿಲ್ಲ. ಸಾಹೇಬ್ರು ಬೈತಾರ, ನಿನ್ನ ಬಾಯಿ ಸುಮ್ನ ಇರಲ್ಲೇನಲೇ ಅಂತ. ಖರೇ ಕೇಳಿನೂ ಸೈ ಹಾಕೋರು ಒಬ್ಬರರ ಸಿಗಬೇಕು. ಒಬ್ಬರ ಸಾಕು.” ಸೈಕಲ್ಲು ಹತ್ತಲು ಹೋದವರು ಕಾಲು ಕೆಳಗಿಟ್ಟು ನನ್ನತ್ತ ತಿರುಗುತ್ತಾರೆ. “ನೀವು ಓದಿದೋರು. ಕೊಟ್ರಯ್ಯನೋರ ಜಾಗದಾಗ ನೀವಿದ್ರ ಹೇಳ್ತಿದ್ರಿ, ಹೌದಲ್ಲ?”

ಗೇಟಿನ ಬಳಿ ಜನ ನಿಂತಿದ್ದಾರೆ. ಕಟ್ಟೆಯ ಮೇಲಿನ ಭರಮಣ್ಣನೂ ನನ್ನ ಮುಖ ನೋಡುತ್ತಿದ್ದಾರೆ. ‘ಹೌದು’ ಅನ್ನುವುದು ಬಹಳ ಸುಲಭವಿತ್ತು.

“ಇಲ್ಲ ಕಾಕಾ,” ಎಂದೆ, ಎಲ್ಲರಿಗೂ ಕೇಳುವ ಹಾಗೆ. “ನಾನೂ ಹೇಳ್ತಿದ್ದಿಲ್ಲ.”