ಆರದ ಲೋಟ

ನೋವಿ ಬೋರ್ ಊರಿನ ಗಾಜಿನ ಕಾರ್ಖಾನೆಯಲ್ಲಿ ಬೊಹುಮೀಲಾಳ ಹೆಸರೆತ್ತಿದರೆ ಕುಲುಮೆಯವರು ನೆಲಕ್ಕೆ ಉಗುಳುತ್ತಿದ್ದರು. ಅವಳ ಕೆಲಸವೇ ಅಂಥದ್ದು. ಬೆಳಕಿನ ಪೆಟ್ಟಿಗೆಯ ಮುಂದೆ ಕೂತು, ಬೆಳಕನ್ನು ಸೋಸುವ ಎರಡು ತಟ್ಟೆಗಳ ನಡುವೆ ಲೋಟ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುವುದು. ಲೋಟದ ಹಿಂದೆ ಕಾಣುವ ನೇರಳೆ ಬಣ್ಣ ಗಾಜಿನಲ್ಲೂ ನೇರಳೆಯಾಗಿಯೇ ಕಂಡರೆ ಪಾಸು. ನೀಲಿಯೋ ಹಳದಿಯೋ ಎದ್ದರೆ ಒಳಗೆ ಬಿಗಿತ ಉಳಿದಿದೆ, ಇಂದಲ್ಲ ನಾಳೆ ಸಿಡಿಯುತ್ತದೆ. ಅಂಥದ್ದನ್ನು ಊದಿದವನ ಎದುರಿಗೇ ಚೂರಿನ ತೊಟ್ಟಿಗೆಸೆದು ಒಡೆಯುವುದು ಅಲ್ಲಿಯ ಪದ್ಧತಿ. ಬೊಹುಮೀಲಾ ಕೈ ಸ್ವಲ್ಪ ಮೇಲೆತ್ತಿಯೇ ಎಸೆಯುತ್ತಿದ್ದಳು. ಸುಳ್ಳು ಯಾಕೆ, ಆ ಸದ್ದು ಅವಳಿಗೆ ಇಷ್ಟವಿತ್ತು.

ಅವಳಿಗೆ 'ಮೆಳ್ಳೆಗಣ್ಣಿ' ಎಂದು ಹೆಸರಿಟ್ಟವನು ಗಾಜು ಊದುವ ಮೇಸ್ತ್ರಿ ವೆಂಡೆಲೀನ್. ಊರಿನ ಮಕ್ಕಳೂ ಹಾಗೇ ಕೂಗುವಂತಾಯಿತು. ಅದನ್ನವಳು ಮರೆತವಳಲ್ಲ.

ನಿವೃತ್ತನಾಗುವ ಮೇಸ್ತ್ರಿ ಕೊನೆಗೊಂದು ಜೋಡಿ ಲೋಟ ಊದುತ್ತಾನೆ. ಪಾಸಾದ ಮೇಲೆ ಒಂದರಲ್ಲಿ ಕುಲುಮೆಯವರೆಲ್ಲ ಪ್ಲಮ್ ಸಾರಾಯಿ ಕುಡಿಯುತ್ತಾರೆ, ಇನ್ನೊಂದು ಅವನ ಮನೆಗೆ. ವೆಂಡೆಲೀನನ ಸರದಿ ಬಂದಾಗ, ಗಾಜನ್ನು ನಿಧಾನವಾಗಿ ತಣಿಸುವ ಗೂಡಿನಿಂದ ಜೋಡಿಯಲ್ಲೊಂದನ್ನು ತೆಗೆದವನೇ ಅವಳ ಬಳಿ ತಂದ. ಬಾಟಲಿ ಹಿಡಿದು ಎಲ್ಲರೂ ಹಿಂದೆ ನಿಂತರು.

"ಬೇಗ ನೋಡೇ ಮೆಳ್ಳೆಗಣ್ಣಿ, ಗಂಟ್ಲು ಒಣಗ್ತಿದೆ," ಎಂದ ವೆಂಡೆಲೀನ್.

ಲೋಟ ಇನ್ನೂ ಬೆಚ್ಚಗಿತ್ತು. ಆರದ ಗಾಜು ಇಲ್ಲದ ದೋಷ ತೋರಿಸುತ್ತದೆಂದು ಅವಳಿಗೆ ಗೊತ್ತು. ಅದಕ್ಕೇ ದಿನವೂ ಪ್ರತಿ ಲೋಟವನ್ನು ಮೊದಲು ಕೆನ್ನೆಗೆ ಒತ್ತಿ ನೋಡುತ್ತಿದ್ದಳು. ಅವತ್ತು ಒತ್ತಲಿಲ್ಲ. ಬುಡದಲ್ಲಿ ನೀಲಿ ಕಂಡದ್ದೇ ತಡ, ಅವಳ ಹೊಟ್ಟೆಯೊಳಗಿನ ಕಿಚ್ಚು ತಣ್ಣಗಾಯಿತು.

"ಇಷ್ಟು ವರ್ಷ ಊದಿ ಕಲ್ತಿದ್ದು ಇದೇನಾ ಮೇಸ್ತ್ರಿ?" ಎಂದು ಎಸೆದೇಬಿಟ್ಟಳು.

ಬಾಟಲಿಯ ಬಿರಡೆ ಯಾರೂ ತೆಗೆಯಲಿಲ್ಲ. ಒಬ್ಬೊಬ್ಬರಾಗಿ ಕರಗಿದರು.

ಮರುದಿನ ವೆಂಡೆಲೀನ್ ಜೋಡಿಯ ಇನ್ನೊಂದು ಲೋಟ ತಂದಿಟ್ಟ. ಅವಳು ಕೆನ್ನೆಗೆ ಒತ್ತಿಕೊಂಡಳು. ತಣ್ಣಗಿತ್ತು. ತಟ್ಟೆಗಳ ನಡುವೆ ಹಿಡಿದು ಎಷ್ಟು ತಿರುಗಿಸಿದರೂ ಬರೀ ನೇರಳೆ.

"ಎರಡೂ ಒಂದೇ ಗೂಡಲ್ಲಿ ಪಕ್ಕಪಕ್ಕದಲ್ಲೇ ಇದ್ವು," ಎಂದ.

ಅವಳು ಲೋಟ ಕೆಳಗಿಟ್ಟಳು. "ನಿನ್ನೆ ತಂದದ್ದು... ಬಿಸಿ ಇತ್ತು ಮೇಸ್ತ್ರಿ."

"ಗೊತ್ತಿತ್ತಾ?"

"ಕೈಗೆ ಗೊತ್ತಾಗಿತ್ತು."

ಅವನು ಬೈಯುತ್ತಾನೆಂದು ಕಾದಳು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವಳು ಪಾಸಿನ ಚೀಟಿ ಅಂಟಿಸಿ ಲೋಟವನ್ನು ಅವನತ್ತ ಸರಿಸಿದಳು. ವೆಂಡೆಲೀನ್ ಅದನ್ನೆತ್ತಿಕೊಂಡು ತೊಟ್ಟಿಯ ಬಳಿ ಹೋದ. ಅವಳ ಹಾಗೆಯೇ ಕೈ ಸ್ವಲ್ಪ ಮೇಲೆತ್ತಿ ಎಸೆದ.

"ನೀನು ಪಾಸು ಮಾಡಿದ ಲೋಟದಲ್ಲಿ ನಮ್ಮನೇಲಿ ಯಾರೂ ನೀರು ಸಹ ಕುಡಿಯಲ್ಲ," ಎಂದು ಹೊರಟುಹೋದ.