ನವರಂಗಪುರಕ್ಕೆ ಟೆಲಿಸ್ಕೋಪು ನೋಡಲು ಹೋದದ್ದು

ಎರಡು ತಿಂಗಳಿಂದ ನನ್ನ ಬಲಗಣ್ಣಿನ ನಡುವೆ ಒಂದು ಮಸುಕು ನಿಂತಿತ್ತು. ಎಡಗಣ್ಣು ಮುಚ್ಚಿದರೆ ಕಿಟಕಿಯ ಸರಳು ಬಾಗಿದಂತೆ ಕಾಣುತ್ತಿತ್ತು. ಮನೆಯಲ್ಲಿ ಹೇಳಿರಲಿಲ್ಲ. ನನ್ನ ಅಮ್ಮನಿಗೂ ಹೀಗೆಯೇ ಶುರುವಾಗಿತ್ತು. ಕಡೆಕಡೆಗೆ ನಮ್ಮನ್ನು ದನಿಯಿಂದ ಗುರುತು ಹಿಡಿಯುತ್ತಿದ್ದರು. ಡಾಕ್ಟರು ಅದೇ ಕಾಯಿಲೆಯ ಹೆಸರು ಹೇಳಿಬಿಟ್ಟರೆ ಎಂದು ಹೆದರಿದ್ದೆ.

ನಮ್ಮ ಮನೆಯಲ್ಲಿ ಕಣ್ಣಿನ ಕೆಲಸವೆಲ್ಲ ನನ್ನದು. ಸೂಜಿಗೆ ದಾರ, ಅಕ್ಕಿಯಲ್ಲಿನ ಕಲ್ಲು, ಮಾತ್ರೆ ಪಟ್ಟಿಯ ತಾರೀಖು. ಹಾಗಾಗಿ ಎಂಟನೇ ಕ್ಲಾಸಿನ ಮಗಳಿಗೆ ಟೆಲಿಸ್ಕೋಪು ಬೇಕಾದಾಗ, ಬಾಹ್ಯಾಕಾಶ ಸಂಸ್ಥೆಯ ಎಂಜಿನಿಯರಾದ ನಮ್ಮವರು ಕೈಗೆಟುಕುವ ಮೂರು ಮಾದರಿ ಬರೆದುಕೊಟ್ಟು, "ನೀನು ನೋಡಿ ಪಾಸ್ ಮಾಡು" ಎಂದರು.

"ಉಪಗ್ರಹ ಕಳಿಸೋರು ನೀವು, ಪಾಸ್ ಮಾಡೋಳು ನಾನಾ?"

"ನಮ್ಮಲ್ಲೂ ಹಂಗೇ ಕಣೇ. ಮಾಡಿದವನೇ ಪಾಸ್ ಮಾಡೋ ಹಾಗಿಲ್ಲ."

ಗುಜರಾತಿನಲ್ಲಿ ನಾವಿರುವ ಸ್ಯಾಟಲೈಟ್ ಎಂಬ ಬಡಾವಣೆಯಿಂದ ನವರಂಗಪುರದ ಅಂಗಡಿಗೆ ಮಗಳ ಜೊತೆ ಆಟೋದಲ್ಲಿ ಹೋದೆ. ಅಂಗಡಿಯಾತ ಮೂರನ್ನೂ ಬಾಗಿಲಲ್ಲಿ ನಿಲ್ಲಿಸಿ, ಎದುರು ಕಟ್ಟಡದ ನೀರಿನ ಟ್ಯಾಂಕಿನತ್ತ ತಿರುಗಿಸಿದ. ಮೊದಲನೆಯದು ಕನ್ನಡಿಯದು. ಟ್ಯಾಂಕು ತಲೆಕೆಳಗಾಗಿ ಕಂಡಿತು.

"ತಾರೆಗಳಿಗೆ ಮೇಲೇನು, ಕೆಳಗೇನು, ಬೆನ್?" ಎಂದು ಹಿಂದಿಯಲ್ಲಿ ಕೇಳಿ, ಅಲ್ಲಿಯವರ ರೂಢಿಯಂತೆ ನನ್ನನ್ನು ಅಕ್ಕ ಎಂದು ಕರೆದು ನಕ್ಕ. ಮಗಳಿಗೆ ನದಿ ದಡದ ಹಕ್ಕಿಗಳನ್ನೂ ನೋಡಬೇಕಿತ್ತು. ಹಾಗಾಗಿ ಅದನ್ನು ಬಿಟ್ಟೆವು.

ಎರಡನೆಯದು ಮಸೂರದ ಸಣ್ಣ ಕೊಳವೆ; ಟ್ಯಾಂಕು ನೆಟ್ಟಗೆ ನಿಂತಿತು. ಅಭ್ಯಾಸದಂತೆ ಬಲಗಣ್ಣನ್ನೇ ಇಟ್ಟಿದ್ದೆ. "ಮಸುಕು" ಎಂದೆ. ಆತ ಗಾಜು ಒರೆಸಿಕೊಟ್ಟ. ಮೂರನೆಯದಕ್ಕೂ ಹಾಗೇ ಅಂದೆ.

ಮಗಳು ಎರಡರಲ್ಲೂ ಬಗ್ಗಿ ನೋಡಿದಳು. "ಅಮ್ಮಾ, ಎಲ್ಲಾ ಕ್ಲಿಯರ್ ಇದೆ. ಪಾರಿವಾಳದ ಕಾಲು ಕೂಡ ದಿಖ್ತಾ ಇದೆ."

"ಪಾರಿವಾಳ ಎಲ್ಲಿದೆ?"

ಕೇಳಬಾರದಿತ್ತು. ಅವಳು ನನ್ನನ್ನೇ ನೋಡಿದಳು. ಆಮೇಲೆ ಅಂಗೈಯಿಂದ ನನ್ನ ಎಡಗಣ್ಣು ಮುಚ್ಚಿದಳು. "ಈಗ ನನ್ನ ನೋಡು. ಏನ್ ಕಾಣ್ತಿದೆ?"

ಒಂದು ಬದಿಗೆ ಜಡೆ, ಇನ್ನೊಂದು ಬದಿಗೆ ಓಲೆ ಕಂಡವು. ನಡುವೆ ಅವಳ ಮುಖವಿರಲಿಲ್ಲ.

"ಪಪ್ಪಾಗೆ ಗೊತ್ತಾ?"

"ಇಲ್ಲ ಪುಟ್ಟಿ. ಎರಡನೇದು ಚೆನ್ನಾಗಿರಬೇಕು, ಅದನ್ನೇ ಕಟ್ಟಿಸೋಣ."

ಅವಳು ಅಂಗಡಿಯಾತನನ್ನು ಗುಜರಾತಿಯಲ್ಲಿ ಕಣ್ಣಿನ ಆಸ್ಪತ್ರೆ ಎಲ್ಲಿದೆ ಎಂದು ಕೇಳಿದಳು. ಆತ ನನಗೊಂದು ಸ್ಟೂಲು ಎಳೆದು ಹಾಕಿದ. ಮಗಳು ಅಪ್ಪನಿಗೆ ಫೋನ್ ಮಾಡಿದಳು. ಅವರು "ಹೇಳು, ಯಾವುದು ಪಾಸಾಯ್ತು?" ಎನ್ನುವಷ್ಟರಲ್ಲಿ ಇವಳಿಗೆ ಅಳು ಬಂತು. ನಾನು ಫೋನು ತೆಗೆದುಕೊಂಡು, ಅಮ್ಮನ ಕಾಯಿಲೆಯಿಂದಲೇ ಮಾತು ಶುರುಮಾಡಿದೆ.