ಆಟಕ್ಕೆ ಮುಂಚೆ ಅರ್ಧ ಮುದ್ದೆ

ಮೊದಲು ಸಡಿಲವಾದದ್ದು ಇವರ ಚಡ್ಡಿ.

ವಾಲಿಬಾಲ್ ಆಡುವಾಗ ಹಾಕುವ ನೀಲಿ ಚಡ್ಡಿ. ಒಂದು ಕೈಯಲ್ಲಿ ಚೆಂಡು, ಇನ್ನೊಂದು ಕೈಯಲ್ಲಿ ಚಡ್ಡಿ ಹಿಡಿದು ಸರ್ವೀಸ್‌ಗೆ ನಿಲ್ಲುತ್ತಾರೆಂದು ಗೆಳೆಯರು ನಗುತ್ತಿದ್ದರಂತೆ. ನಾನು ಎಲಾಸ್ಟಿಕ್ ಬಿಗಿ ಮಾಡಿಕೊಟ್ಟೆ. ಎರಡು ಸಲ. ಆಟದಿಂದ ಮೈ ಇಳಿಯುತ್ತಿದೆ ಎಂದು ಖುಷಿಪಟ್ಟೆ. ಹಾಗೆಂದು ಈಗ ಬರೆಯುತ್ತಿದ್ದೇನೆ, ಆಗ ನಿಜವಾಗಿ ಏನಂದುಕೊಂಡೆನೋ ಗೊತ್ತಿಲ್ಲ. ಅದಕ್ಕೂ ಮೊದಲೇ ವಿಪರೀತ ಬಾಯಾರಿಕೆ ಇತ್ತು ಎಂದು ಅತ್ತೆ ಹೇಳುತ್ತಾರೆ. ಅಂಥದ್ದೇನೂ ಇರಲಿಲ್ಲ, ಆಸ್ಪತ್ರೆಗೆ ಹೋದ ದಿನವೇ ಶುರುವಾದದ್ದು ಎಂದು ಇವರು. ಒಂದೇ ಮನೆಯಲ್ಲಿ ಒಂದು ಕಾಯಿಲೆ ಮೂರು ಕಡೆಯಿಂದ ಶುರುವಾಗಿದೆ.

ಇವರು ಎಂದರೆ ನನ್ನ ಗಂಡ ಸಿದ್ದರಾಜು. ನಲವತ್ತಾರು ವಯಸ್ಸು. ಮಳವಳ್ಳಿಯ ಗೊಬ್ಬರದಂಗಡಿಯಲ್ಲಿ ಬೆಳಿಗ್ಗೆಯಿಂದ ಕುರ್ಚಿಯ ಮೇಲೆ ಕೂತಿರುತ್ತಾರೆ. ಅದೇ ರಸ್ತೆಯ ಜೆರಾಕ್ಸ್ ಅಂಗಡಿಯಲ್ಲಿ ನಾನು ಟೈಪ್ ಮಾಡುತ್ತೇನೆ. ಸಂಜೆ ಐದೂವರೆಗೆ ಇವರು ಎದ್ದು ಶಾಲೆಯ ಮೈದಾನಕ್ಕೆ ಹೋದರೆ, ಚೆಂಡು ಕಾಣದಷ್ಟು ಕತ್ತಲಾಗುವವರೆಗೆ ನಮ್ಮವರಲ್ಲ. ಇಪ್ಪತ್ತು ವರ್ಷದಿಂದ ಹೀಗೇ.

ಚಡ್ಡಿ ಮೂರನೇ ಸಲ ಸಡಿಲವಾದಾಗ ಮಂಡ್ಯದ ಆಸ್ಪತ್ರೆಗೆ ಹೋದೆವು.

ಫಾಸ್ಟಿಂಗ್ ಶುಗರ್ ಇನ್ನೂರ ಎಪ್ಪತ್ತೆರಡು.

ಡಾಕ್ಟರ್ ಮೇಡಂ ಎರಡು ಬಗೆಯ ಮಾತ್ರೆ ಬರೆದರು. ಅನ್ನ, ಮುದ್ದೆ, ಇಡ್ಲಿ ಕಡಿಮೆ ಮಾಡಿ, ತರಕಾರಿ, ಕಾಳು, ಮೊಟ್ಟೆ ಜಾಸ್ತಿ ಮಾಡಿ ಎಂದರು. ಲೋ ಕಾರ್ಬ್ ಎಂದರೆ ಇಷ್ಟೇ ಎಂದರು. ಬರೆಯುತ್ತಲೇ ಕೇಳಿದರು.

"ಎಕ್ಸರ್‌ಸೈಜ್ ಏನಾದ್ರೂ ಮಾಡ್ತೀರಾ?"

"ಇಲ್ಲ."

ಆ 'ಇಲ್ಲ' ಯಾರದು? ನೀನೇ ಹೇಳಿದ್ದು ಎನ್ನುತ್ತಾರೆ ಇವರು. ನನ್ನ ಕಿವಿಯಲ್ಲಿರುವುದು ಇವರ ದನಿ. ಯಾರೇ ಹೇಳಿರಲಿ, ಸುಳ್ಳು ಹೇಳುವ ಉದ್ದೇಶ ಇರಲಿಲ್ಲ. ಎಕ್ಸರ್‌ಸೈಜ್ ಎಂದರೆ ನಮ್ಮ ಲೆಕ್ಕದಲ್ಲಿ ಬೆಳಿಗ್ಗೆ ಬಿಳಿ ಶೂ ಹಾಕಿಕೊಂಡು ಕೈ ಬೀಸುತ್ತ ನಡೆಯುವವರು ಮಾಡುವಂಥದು. ವಾಲಿಬಾಲ್ ಎಂದರೆ ಆಟ. ಆಟವನ್ನು ಯಾರಾದರೂ ಡಾಕ್ಟರಿಗೆ ಹೇಳುತ್ತಾರೆಯೇ?

ವಾಪಸು ಬರುವಾಗ ಮದ್ದೂರಿನಲ್ಲಿ ಬಸ್ಸು ನಿಂತಿತು. ವಡೆ ಮಾರುವವರು ಕಿಟಕಿಗೆ ಬಂದರು. ಇವರು ಮುಖವನ್ನು ಆ ಕಡೆ ತಿರುಗಿಸಿದರು. ಮನೆ ಸೇರುವಷ್ಟರಲ್ಲಿ ಡಾಕ್ಟರ್ ಹೇಳಿದ 'ಕಡಿಮೆ' ಇವರ ತಲೆಯಲ್ಲಿ 'ಸೊನ್ನೆ' ಆಗಿತ್ತು. ಉಳಿದದ್ದನ್ನು ಮೊಬೈಲಿನ ವಿಡಿಯೋಗಳು ನೋಡಿಕೊಂಡವು. ಮುದ್ದೆ ಇಲ್ಲ. ಅನ್ನ ಇಲ್ಲ. ಹಣ್ಣೂ ಇಲ್ಲ. ಬೇಯಿಸಿದ ಮೊಟ್ಟೆ, ಸೊಪ್ಪು, ಕೋಳಿ.

"ಮುದ್ದೆ ಬುಟ್ಟು ಸೊಪ್ಪು ತಿನ್ನಾಕೆ ನೀನೇನು ಮ್ಯಾಕೆಯೇನ್ಲಾ?" ಎಂದರು ಅತ್ತೆ.

"ಮೊಟ್ಟೆನೂ ತಿಂತೀನಲ್ಲವ್ವ."

"ಮೊಟ್ಟೆ ತಿನ್ನೋ ಮ್ಯಾಕೆ."

ನಾವು ನಕ್ಕೆವು. ಶುಗರ್ ಇಳಿಯುತ್ತಿತ್ತು. ನೂರ ಎಂಬತ್ತು, ನೂರ ನಲವತ್ತು, ನೂರ ಹತ್ತು. ಬೆರಳು ಚುಚ್ಚಿ ನೋಡುವ ಮೀಟರಿನ ಅಂಕಿಗಳನ್ನು ನಾನೇ ಬರೆದಿಡುತ್ತಿದ್ದೆ, ಪರೀಕ್ಷೆಯಲ್ಲಿ ಗೆದ್ದವರ ಹಾಗೆ ಬೀಗುತ್ತಿದ್ದೆವು. ಎರಡೂ ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ನುಂಗಿಸುತ್ತಿದ್ದವಳೂ ನಾನೇ.

ಮೂರನೇ ವಾರ ಮೈದಾನದಲ್ಲಿ ಅದು ಆಯಿತು. ನಾನು ಅಲ್ಲಿರಲಿಲ್ಲ. ಆದರೂ ಕಣ್ಣಾರೆ ಕಂಡಷ್ಟು ಸ್ಪಷ್ಟವಾಗಿ ನೆನಪಿದೆ. ಅದಕ್ಕೇ ಆ ನೆನಪನ್ನು ನಂಬದೆ, ಸಾದಿಕ್ ಹೇಳಿದ್ದನ್ನಷ್ಟೇ ಬರೆಯುತ್ತೇನೆ. ಸಾದಿಕ್ ಬೈಕ್ ಮೆಕ್ಯಾನಿಕ್, ಇವರ ತಂಡದಲ್ಲಿ ಚೆಂಡು ಎತ್ತಿಕೊಡುವವನು.

ಚೆಂಡು ಗೆರೆಯ ಆಚೆ ಬಿತ್ತೋ ಈಚೆ ಬಿತ್ತೋ ಎಂದು ಜಗಳ. ಅದು ದಿನದ ಜಗಳ. ಆದರೆ ಅಂದು ಇವರು ಬೈಯುವುದನ್ನು ನಿಲ್ಲಿಸಲಿಲ್ಲ. ಚೆಂಡನ್ನು ತಮ್ಮ ತಂಡದವರ ಮೇಲೆಯೇ ಎಸೆದರು. ಸಾದಿಕ್‌ನನ್ನು ಬೇರೆ ಯಾರದೋ ಹೆಸರು ಹಿಡಿದು ಕೂಗಿದರು.

"ಕುಡ್ಕೊಂಡ್ ಬಂದವ್ನೆ ಕಣ್ಲಾ, ಬುಡ್ರಿ ಅತ್ಲಾಗೆ" ಎಂದನಂತೆ ಒಬ್ಬ.

ಸಾದಿಕ್ ಮಾತ್ರ ಇವರ ಕೈ ನೋಡಿದ. ಬೆರಳು ನಡುಗುತ್ತಿದ್ದವು. ಬೆವರು ಆಟದ ಬೆವರಿನಂತಿರದೆ ತಣ್ಣಗಿತ್ತು. ಅವನ ತಂದೆಗೂ ಶುಗರ್ ಇತ್ತು, ಅದು ತೀರ ಇಳಿದರೆ ಹೀಗಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಓಡಿಹೋಗಿ ಟೀ ಅಂಗಡಿಯಿಂದ ಲೋಟದ ತುಂಬ ಸಕ್ಕರೆ ನೀರು ತಂದ.

"ಕುಡೀಲಾ ಸಿದ್ದ."

"ಸಕ್ರೆ ತಿನ್ನಂಗಿಲ್ಲ ಕಣ್ಲಾ ನಾನು!"

ಸ್ನೇಹಿತನ ಹೆಸರು ಮರೆತ ತಲೆಯಲ್ಲಿ ಪಥ್ಯ ಮಾತ್ರ ಉಳಿದಿತ್ತು. ಸಾದಿಕ್ ಬೈದು, ಗದರಿ, ಗುಟುಕು ಗುಟುಕಾಗಿ ಕುಡಿಸಿದ. ಮಳವಳ್ಳಿಯ ಆಸ್ಪತ್ರೆಯಲ್ಲಿ ನೋಡಿದಾಗ, ಅಷ್ಟು ಕುಡಿದ ಮೇಲೂ ಶುಗರ್ ಐವತ್ತೆರಡು. ಎಪ್ಪತ್ತಕ್ಕಿಂತ ಕೆಳಗಿಳಿದರೆ ಅಪಾಯವಂತೆ.

ನಾನು ಹೋಗಿ ನಿಂತಾಗ ಕೈಗೆ ಡ್ರಿಪ್ ಹಾಕಿದ್ದರು. ಇವರು ನನ್ನನ್ನು ನೋಡಿ, ಸಾದಿಕ್ ಕಡೆ ತಿರುಗಿ ಕೇಳಿದರು: "ಪಾಯಿಂಟ್ ಯಾರ್ಗೆ ಕೊಟ್ರು?"

ಅಳು ಬಂತು. ನಗುವೂ ಬಂದಿರಬೇಕು.

ಆಟ ಇನ್ನು ಬೇಡ ಎಂದು ನಾನೇ ಹೇಳಿದೆ. ಒಂದು ವಾರ, ಐದೂವರೆಯಾದರೆ ಇವರು ಮನೆಯ ಬಾಗಿಲ ಬಳಿ ಬಂದು ಕೂರುವರು. ಟಿವಿ ಬೇಡ, ಮಾತು ಬೇಡ. ಕಾಯಿಲೆ ಬಂದಾಗ ಕುಗ್ಗದಿದ್ದ ಮನುಷ್ಯ ಆ ವಾರದಲ್ಲಿ ಕುಗ್ಗಿದರು. ಶುಗರ್ ಹತೋಟಿಗೆ ಬಂದು ಇವರು ಹೀಗೆ ಕೂತಿದ್ದರೆ, ನಾನು ಉಳಿಸಿಕೊಂಡದ್ದು ಏನನ್ನು ಎಂಬ ಪ್ರಶ್ನೆ ಜೆರಾಕ್ಸ್ ಅಂಗಡಿಯಲ್ಲಿ ಯಾರದೋ ಕರಾರುಪತ್ರ ಟೈಪ್ ಮಾಡುವಾಗಲೂ ಬಿಡುತ್ತಿರಲಿಲ್ಲ.

ಮತ್ತೆ ಮಂಡ್ಯ. ಮೈದಾನದಲ್ಲಿ ಆದದ್ದನ್ನು ಕೇಳಿ ಮೇಡಂ ಫೈಲ್ ತೆರೆದರು.

"ಎಕ್ಸರ್‌ಸೈಜ್ ಇಲ್ಲ ಅಂತ ಬರೆದಿದೀನಲ್ಲ?"

"ಇವಳು ಹೇಳಿದ್ದು ಮೇಡಂ."

"ನಾನೆಲ್ಲಿ ಹೇಳ್ದೆ? ನೀವೇ ಅಲ್ವೇನ್ರಿ?"

"ಇಬ್ರೂ ಸುಮ್ನಿರಿ. ಎಷ್ಟು ಹೊತ್ತು ಆಡ್ತೀರಿ?"

"ಒಂದೂವರೆ ಗಂಟೆ."

"ದಿನಾನಾ?"

"ಭಾನುವಾರ ಮಾತ್ರ ಮೂರು."

ಮೇಡಂ ಪೆನ್ನು ಕೆಳಗಿಟ್ಟರು. ಒಂದು ಮಾತ್ರೆ ಸಕ್ಕರೆಯನ್ನು ಕೆಳಗೆ ಎಳೆಯುತ್ತಿದೆ, ಆಟವೂ ಎಳೆಯುತ್ತಿದೆ, ಊಟದಿಂದ ಮಾತ್ರ ಏನೂ ಸೇರುತ್ತಿಲ್ಲ ಎಂದು ವಿವರಿಸಿದರು. ಇವರಿಗೆ ಅದ್ಯಾವುದೂ ಕೇಳಿಸಿದಂತೆ ಕಾಣಲಿಲ್ಲ.

"ಆಟ ಬಿಡ್ಬೇಕಾ ಮೇಡಂ?"

"ಈ ಮಾತ್ರೆ ಬಿಡಿ. ಆಟ ಯಾಕ್ ಬಿಡ್ತೀರಿ?"

ಇವರು ಟೇಬಲ್ಲಿನ ಅಂಚನ್ನು ಹಿಡಿದುಕೊಂಡರು.

ಇನ್ನೊಂದು ಮಾತ್ರೆ ಮುಂದುವರಿಯಿತು. ಊಟ ಆಟದ ಸುತ್ತ ಹೊಸದಾಗಿ ಕೂತಿತು. ಬೆಳಿಗ್ಗೆ ಮೊಟ್ಟೆ, ಮೊಳಕೆ ಕಾಳು. ಮಧ್ಯಾಹ್ನ ತಟ್ಟೆಯ ತುಂಬ ಪಲ್ಯ, ಪಕ್ಕಕ್ಕೆ ಒಂದು ಹಿಡಿ ಅನ್ನ. ರಾತ್ರಿ ಮುದ್ದೆ ಇಲ್ಲ. ಆ ಮುದ್ದೆ ನಾಲ್ಕೂವರೆಗೆ ಬಂತು, ಅರ್ಧ, ಸೊಪ್ಪಿನ ಸಾರಿನ ಜೊತೆ, ಗೊಬ್ಬರದಂಗಡಿಯಲ್ಲೇ. ಮೈದಾನಕ್ಕೆ ಇಳಿಯುವ ಮುನ್ನ ಮೀಟರ್ ನೋಡಬೇಕು, ನೂರಕ್ಕಿಂತ ಕಡಿಮೆ ಇದ್ದರೆ ಬಾಳೆಹಣ್ಣು ತಿನ್ನಬೇಕು. ಜೇಬಿನಲ್ಲಿ ಸದಾ ಗ್ಲೂಕೋಸ್ ಪೊಟ್ಟಣ. ಇದು ಇವರಿಗೆ ಇವರ ಮಾತ್ರೆ ನೋಡಿ ಹೇಳಿದ ಲೆಕ್ಕ, ಎಲ್ಲರಿಗೂ ಅಲ್ಲ ಎಂದು ಮೇಡಂ ಎರಡು ಸಲ ಹೇಳಿದರು.

ಮೊದಲ ವಾರ ಶುಗರ್ ಏರಿಯೇ ಇತ್ತು. ಅತ್ತೆ ಅಂಗಡಿಗೆ ಕಟ್ಟಿಕೊಡುತ್ತಿದ್ದ ಡಬ್ಬಿ ತೆರೆದು ನೋಡಿದೆ.

"ಅತ್ತೆ, ಇದು ಅರ್ಧ ಮುದ್ದೆಯಾ?"

"ಅರ್ದನೇ ಕಣಮ್ಮಿ. ವಸಿ ದೊಡ್ಡ ಮುದ್ದೇಲಿ ಅರ್ದ."

ಈಗ ರಾಗಿ ಹಿಟ್ಟನ್ನು ನಾನೇ ಅಳೆದು ಕೊಡುತ್ತೇನೆ. ಅಂಗಡಿಗೆ ಬಂದವರು, "ಏನ್ ಸಿದ್ದಣ್ಣ, ಇದು ಮಧ್ಯಾನದ ಊಟನಾ, ರಾತ್ರೀದಾ?" ಎಂದು ಕೇಳಿದರೆ, "ಆಟದ್ದು" ಎನ್ನುತ್ತಾರೆ.

ಮೂರು ತಿಂಗಳ ಮೇಲೆ ಮಾಡಿಸಿದ, ಅಷ್ಟೂ ದಿನಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ೧ಸಿ ಆರು ಪಾಯಿಂಟ್ ಎಂಟು. ಮೊದಲು ಹತ್ತರ ಹತ್ತಿರ ಇತ್ತು. ವಾಸಿಯಾಯಿತು ಎಂದು ಬರೆಯುವುದಿಲ್ಲ. ಕಾಯಿಲೆ ಮನೆಯಲ್ಲೇ ಇದೆ, ಅದಕ್ಕೊಂದು ಜಾಗ ಗೊತ್ತಾಗಿದೆ. ಸಾದಿಕ್ ಅಂದು ಆ ಕೈ ನೋಡದೇ ಇದ್ದಿದ್ದರೆ? ಆ ವಾಕ್ಯವನ್ನು ಪೂರ್ತಿ ಮಾಡಲು ನನಗೆ ಈಗಲೂ ಆಗುವುದಿಲ್ಲ.

ಈಚೆಗೆ ಕೆಲವು ಸಂಜೆ ನಾನೂ ಮೈದಾನಕ್ಕೆ ಹೋಗುತ್ತೇನೆ. ಮೊನ್ನೆ ಒಂದು ಚೆಂಡು ಗೆರೆಯ ಹತ್ತಿರ ಬಿತ್ತು.

"ಒಳಗ್ ಬಿತ್ತು ಕಣ್ಲಾ! ಕಣ್ ಕಾಣಾಕಿಲ್ವೇನ್ಲಾ ನಿಂಗೆ!"

ಇವರ ಮುಖ ಕೆಂಪೇರಿತ್ತು. ಮೈಯೆಲ್ಲ ಬೆವರು. ದನಿ ಏರುತ್ತಲೇ ಹೋಯಿತು. ಅಂದೂ ಶುರುವಾದದ್ದು ಹೀಗೇ. ಮೀಟರ್ ಹಿಡಿದು ಕೋರ್ಟಿನ ಒಳಗೇ ನುಗ್ಗಿದೆ.

"ಬೆರಳು ಕೊಡ್ರಿ."

"ಏಯ್, ಆಟದ ಮಧ್ಯೆ ಏನೇ ನಿಂದು!"

"ಕೊಡ್ತೀರೋ ಇಲ್ವೋ?"

ಕೊಟ್ಟರು. ಎರಡೂ ತಂಡಗಳು ಸುತ್ತ ನಿಂತು ಕಾದವು. ಆ ಐದು ಸೆಕೆಂಡು.

"ಎಷ್ಟಕ್ಕ?" ಎಂದ ಸಾದಿಕ್.

"ನೂರಿಪ್ಪತ್ತೊಂದು."

"ಅಂಗಾರೆ ಇದು ಸುಗರ್ ಅಲ್ಲ ಕಣಕ್ಕ. ಇದು ಇವ್ನೇ."

ಎಲ್ಲರೂ ನಕ್ಕರು. ಇವರು ನಗಲಿಲ್ಲ. ಮತ್ತೆ ಗೆರೆಯ ಹತ್ತಿರ ಹೋಗಿ, ಚೆಂಡು ಬಿದ್ದ ಜಾಗವನ್ನು ಕಾಲಿನಿಂದ ತೋರಿಸುತ್ತ ಮೊದಲಿನಿಂದ ಶುರು ಮಾಡಿದರು. ಕೋಪ ಪೂರ್ತಿ ಇವರದೇ. ಒಂದು ಹನಿಯೂ ಕಾಯಿಲೆಯದಲ್ಲ. ನಾನು ಮೀಟರನ್ನು ಚೀಲಕ್ಕೆ ಹಾಕಿ ಪಕ್ಕಕ್ಕೆ ಬಂದು ಕೂತೆ.

ಬೈಯಲಿ.